ಕಲಾವಿದರ ಹೆಸರು: ಗುಡುಗು

ಐದು ನಿಮಿಷದ ಹಾಡಿಗೆ ನನ್ನ ನಾದಿನಿ ಐದಾರು ಸೆಕೆಂಡಿನಲ್ಲೇ ‘ಸೂಪರ್ ಅತ್ತಿಗೆ’ ಎಂದು ಉತ್ತರ ಕಳಿಸಿದಳು. ಜೊತೆಗೆ ಒಂದಷ್ಟು ಹೆಬ್ಬೆರಳು, ಒಂದಷ್ಟು ಗುಲಾಬಿ. ಕೇಳದೇ ಹೊಗಳುವುದಕ್ಕೂ ಸ್ವಲ್ಪ ಹೊತ್ತು ಕಾಯುವ ಮರ್ಯಾದೆ ಬೇಡವೇ! ಆ ಹಾಡಿಗೆ ನಾನು ಇಡೀ ಮಳೆಗಾಲ ಕೂತಿದ್ದೆ. ಅಂಜನಾಪುರದ ಡ್ಯಾಮು ತುಂಬಿ ಕೋಡಿ ಬೀಳುವುದರ ಮೇಲೆ ಕಟ್ಟಿದ ಹಾಡು. ಪದ ನನ್ನದು, ರಾಗ ನನ್ನದು, ಕೀಬೋರ್ಡು ನುಡಿಸಿ ಹಾಡಿದವಳೂ ನಾನೇ.

ಶಿಕಾರಿಪುರದ ನಮ್ಮ ಮನೆಯ ಹಿಂದಿನ ಕೋಣೆಯೇ ನನ್ನ ಸ್ಟುಡಿಯೋ. ದನಿ ಗುಂಯ್‌ಗುಡದಿರಲೆಂದು ಗೋಡೆಗೆಲ್ಲ ಅತ್ತೆ ಹೊಲಿದ ಕೌದಿಗಳನ್ನು ಇಳಿಬಿಟ್ಟಿದ್ದೇನೆ. ಒಂದು ಮೈಕು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಅಂಗೈಯಗಲದ ಒಂದು ಪೆಟ್ಟಿಗೆ, ಒಂದು ಕೀಬೋರ್ಡು. ಫ್ಯಾನು ಆರಿಸಿ, ಬಾಗಿಲು ಹಾಕಿ, ಬೆವರು ಒರೆಸಿಕೊಳ್ಳುತ್ತಾ ಹಾಡಬೇಕು. ಒಂದು ಸಾಲು ಚೆನ್ನಾಗಿ ಬಂತು ಅನ್ನುವಷ್ಟರಲ್ಲಿ ಪಕ್ಕದ ಮನೆಯವರು ಮಿಕ್ಸಿ ಹಾಕುತ್ತಾರೆ. ಮಿಕ್ಸಿ ನಿಂತರೆ ಈರುಳ್ಳಿ ಮಾರುವ ಆಟೋ ಬರುತ್ತದೆ. ಆದರೂ ಇದೆಲ್ಲ ಸುಖದ ಕೆಲಸ. ಹಾಡು ಮುಗಿದ ಮೇಲೆ ಅದನ್ನು ಜನರ ಕಿವಿಗೆ ಹಾಕುವುದಿದೆಯಲ್ಲ, ಅದು ನನ್ನ ಪ್ರಾಣ ತಿಂದಿತು.

ಮೊದಲ ಮೂರು ಸೆಕೆಂಡಿನಲ್ಲಿ ಜನರನ್ನು ಹಿಡಿಯಬೇಕು ಎಂದು ಯಾರೋ ವೀಡಿಯೋದಲ್ಲಿ ಹೇಳಿದರು. ಶುರುವಿನ ಆಲಾಪ ಕತ್ತರಿಸಿದೆ. ಮುಖ ಕಾಣಬೇಕು ಎಂದರು. ಒಳ್ಳೆಯ ಸೀರೆ ಉಟ್ಟು, ಡ್ಯಾಮಿನ ಹತ್ತಿರ ನಿಂತು, ನನ್ನ ಯಜಮಾನರ ಕೈಗೆ ಫೋನು ಕೊಟ್ಟು ರೀಲ್ಸ್ ಮಾಡಿಸಿದೆ. ಅದಕ್ಕೆ ಬಂದ ಕಾಮೆಂಟು ನೋಡಬೇಕು: ‘ಮೇಡಂ, ಸೀರೆ ಎಲ್ಲಿ ತಗೊಂಡ್ರಿ?’ ಹಾಡಿನ ಬಗ್ಗೆ ಒಂದಕ್ಷರ ಇಲ್ಲ. ಬೀಗರ ಗ್ರೂಪು, ಹಳೆ ಸಹಪಾಠಿಗಳ ಗ್ರೂಪು, ಸ್ವಸಹಾಯ ಸಂಘದ ಗ್ರೂಪು, ಎಲ್ಲ ಕಡೆ ಲಿಂಕು ಹಾಕಿ ಹಾಕಿ ಕೊನೆಗೆ ಒಂದು ಗ್ರೂಪಿನಿಂದ ನನ್ನನ್ನೇ ತೆಗೆದುಹಾಕಿದರು. ನನ್ನ ಬಳಿ ಕೀಬೋರ್ಡು ಕಲಿಯಲು ಬರುವ ಮಕ್ಕಳ ತಾಯಂದಿರು ದಾರಿಯಲ್ಲಿ ಕಂಡರೆ ಮುಖ ತಿರುಗಿಸಲು ಶುರು ಮಾಡಿದ್ದರು, ಎಲ್ಲಿ ಮತ್ತೆ ಲಿಂಕು ಕಳಿಸುತ್ತಾಳೋ ಎಂದು.

ದೀಪಾವಳಿಗೆ ಇನ್ನೇನು ಕೆಲವು ವಾರ ಇದ್ದಾಗ ಎರಡು ಬೈಕಿನಲ್ಲಿ ನಾಲ್ಕು ಜನ ಬಂದರು. ಆನವಟ್ಟಿ ಕಡೆಯ ಹಳ್ಳಿಯವರು. ಅವರಲ್ಲಿ ಹಿರಿಯರು ಒಂದು ಹೋರಿಯ ಯಜಮಾನರು. ಮಿಕ್ಕವರು ಆ ಹೋರಿಯ ಅಭಿಮಾನಿ ಬಳಗ. ಬಳಗದ ಅಧ್ಯಕ್ಷ ಸೊರಬದ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿರುವ, ಮಾತು ಬಲ್ಲ ಯುವಕ. ನಮ್ಮ ಕಡೆ ದೀಪಾವಳಿಯಿಂದ ಹಿಡಿದು ಬೇಸಿಗೆ ಹತ್ತಿರ ಬರುವ ತನಕ ಊರೂರಲ್ಲಿ ಹೋರಿ ಹಬ್ಬ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಅಖಾಡದಲ್ಲಿ ಓಡಿಸುತ್ತಾರೆ, ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ, ಕೊಡದೇ ದಾಟಿದ ಹೋರಿ ಹೀರೋ. ಪ್ರತಿ ಹೋರಿಗೂ ಹೆಸರು, ಬ್ಯಾನರು, ಬಳಗ, ಈಗೀಗ ಒಂದು ಹಾಡು. ಇವರ ಹೋರಿಯ ಹೆಸರು ಗುಡುಗು.

“ಅಕ್ಕಾರ, ನಿಮ್ ಕೋಡಿ ಹಾಡು ಕೇಳಿದ್ವಿ. ನಮ್ ಗುಡುಗಿಗೂ ಒಂದ್ ಪದ ಕಟ್ಟಿಕೊಡ್ರಿ,” ಎಂದ ಅಧ್ಯಕ್ಷ.

“ಪೂರ್ತಿ ಕೇಳಿದ್ರಾ?” ಎಂದೆ. ನನಗೆ ಅಷ್ಟರಲ್ಲಿ ಯಾರನ್ನೂ ನಂಬುವ ಸ್ಥಿತಿ ಇರಲಿಲ್ಲ.

“ಪೂರ್ತಿ ಅಂದ್ರ… ನಮ್ಮಾಗೊಬ್ಬ ಕೇಳ್ಯಾನ್ರಿ.”

ನಗು ಬಂತು. ಸುಳ್ಳು ಹೇಳದ ಮೊದಲ ಕೇಳುಗ ಎಂದು ಕೂರಿಸಿ ಚಹಾ ಕೊಟ್ಟೆ. ಹೋರಿಯ ಯಜಮಾನರು ಕಟ್ಟಳೆ ಹೇಳಿದರು. “ಮೊದ್ಲು ದೇವ್ರ ಹೆಸ್ರು ಬರ್ಬೇಕು ತಾಯಿ. ಆಮ್ಯಾಲ ಊರು, ಆಮ್ಯಾಲ ಹೋರಿ. ಇನ್ನೊಬ್ರ ಹೋರಿನ ಒಂದ್ ಮಾತ್ನಾಗೂ ಹೀಯಾಳಿಸಬಾರ್ದು.” ಒಪ್ಪಿದೆ. ನನ್ನದೂ ಒಂದು ಕಟ್ಟಳೆ ಇತ್ತು. “ಹಾಡು ಎಲ್ಲೇ ಹಾಕಿದ್ರೂ ಅದರ ಜೊತೆ ನನ್ನ ಹೆಸರಿರಬೇಕು. ಕೀಬೋರ್ಡ್ ಟೀಚರ್ ಅಂತ ಅಲ್ಲ, ಹಾಡು ಕಟ್ಟಿದವಳು ಅಂತ.”

“ಆತ್ ಬಿಡ್ರೀ ಅಕ್ಕಾರ, ಅದೇನ್ ದೊಡ್ಡ ಮಾತು,” ಎಂದ ಅಧ್ಯಕ್ಷ. ಏಳುವಾಗ ಇನ್ನೊಂದು ಹೇಳಿದ. “ಹಾಡು ಮೊದ್ಲು ಗುಡುಗಿನ ಕಿವಿಗೇ ಬೀಳ್ಬೇಕ್ರಿ. ಪಾಡ್ಯದ ದಿನ ಪೂಜೆ ಆದ್ಮ್ಯಾಲ ಕೊಟ್ಟಿಗ್ಯಾಗ ಹಚ್ತೀವಿ. ಅಲ್ಲೀತನ ಯಾರಿಗೂ ಕೇಳಿಸಬ್ಯಾಡ್ರಿ.”

ಹೋರಿಯ ಹಾಡನ್ನು ಹೋರಿಯೇ ಮೊದಲು ಕೇಳಬೇಕು. ನನಗೆ ಇದು ಬಹಳ ಹಿಡಿಸಿತು. ನೋಡಿ, ಇಂಥ ಚೆಂದದ ಮಾತಿಗೆ ಮರುಳಾಗಿಯೇ ನಾನು ಕೆಟ್ಟಿದ್ದು.

ಹಾಡು ಕಟ್ಟುವಾಗ ಮನಸ್ಸು ಪೂರ್ತಿ ಅಲ್ಲೇ ಇತ್ತು. ಹಲಗೆ ಬಡಿತವನ್ನು ಕಂಪ್ಯೂಟರಿನಿಂದ ಎತ್ತಿಕೊಳ್ಳದೆ, ಕೇಳಿ ತಂದ ಹಲಗೆಯನ್ನು ನಾನೇ ಬಿಸಿಲಿಗೆ ಕಾಯಿಸಿ ಬಡಿದು ರೆಕಾರ್ಡ್ ಮಾಡಿದೆ. ಅಂಗೈ ಊದಿಕೊಂಡಿತು. ಹೋರಿ ಹಾಡುಗಳಲ್ಲಿ ಬರೀ ಗಂಡಸರ ಅಬ್ಬರ. ನಾನು ಬೆಳಗಿನ ಜಾವ ಎದ್ದು ಹುರುಳಿ ಬೇಯಿಸಿ ಹೋರಿಗೆ ತಿನ್ನಿಸುವ ಮನೆಯ ಹೆಣ್ಣುಮಗಳಿಗೂ ಒಂದು ನುಡಿ ಇಟ್ಟೆ. ಯಾವ ಹೋರಿಯ ನೆಪದಲ್ಲಿ ಹುಟ್ಟಿದರೇನು, ಅಷ್ಟು ಒಳ್ಳೆಯ ಹಾಡು ನಾನು ಅದುವರೆಗೆ ಕಟ್ಟಿರಲಿಲ್ಲ. ಎಲ್ಲೂ ಹಾಕದೆ, ಯಾರಿಗೂ ಕೇಳಿಸದೆ, ಹಬ್ಬದ ಮುಂಚೆ ಫೈಲನ್ನು ಅಧ್ಯಕ್ಷನಿಗೆ ಕಳಿಸಿದೆ. ಕೊಡಬೇಕಾದ್ದನ್ನು ಅವರು ಕೊಟ್ಟಿದ್ದರು, ಅದರಲ್ಲಿ ತಕರಾರಿಲ್ಲ.

ಪಾಡ್ಯ ಕಳೆದು ವಾರದೊಳಗೆ ಹಾಡು ಹಬ್ಬಿಬಿಟ್ಟಿತು. ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಅದೇ, ಆಟೋದಲ್ಲಿ ಅದೇ, ತರಕಾರಿಯವನ ಫೋನು ಹೊಡೆದುಕೊಂಡರೂ ಅದೇ. ಸಂತೆಯಲ್ಲಿ ಸೊಪ್ಪು ಆರಿಸುತ್ತಾ ನನ್ನ ದನಿಯನ್ನು ನಾನೇ ಕೇಳಿ ಕಣ್ಣು ತುಂಬಿ ಬಂತು. ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆಗೆದು ನನ್ನ ಚಾನೆಲ್ಲಿಗೆ ಹಾಡು ಏರಿಸಿದೆ. ಏರಿದ ಮರುಗಳಿಗೆ ತಡೆ ಬಿತ್ತು. ಈ ಹಾಡು ಬೇರೊಬ್ಬರ ಸ್ವತ್ತು ಎಂದು ಸೂಚನೆ. ಯಾರ ಸ್ವತ್ತಪ್ಪಾ ಎಂದು ಒತ್ತಿ ನೋಡಿದೆ. ಕಲಾವಿದರು: ಗುಡುಗು. ಸಂಗೀತ: ಗುಡುಗು. ಸಾಹಿತ್ಯ: ಗುಡುಗು.

ಸೊಪ್ಪಿನ ಚೀಲ ಇನ್ನೂ ಕೈಯಲ್ಲೇ ಇತ್ತು. ಹಾಗೇ ಕೂತುಬಿಟ್ಟೆ.

ತಕರಾರು ಸಲ್ಲಿಸಲು ಒಂದು ಗುಂಡಿ ಇರುತ್ತದೆ. ಒತ್ತಿದೆ. ಈ ಹಾಡು ನನ್ನದೇ ಏಕೆ ಎಂದು ಇಂಗ್ಲಿಷಿನಲ್ಲಿ ವಿವರವಾಗಿ ಬರೆದೆ. ವಾರಗಟ್ಟಲೆ ಕಾಯಿಸಿ ಉತ್ತರ ಬಂತು: ಹಕ್ಕುದಾರರು ನಿಮ್ಮ ತಕರಾರನ್ನು ಪರಿಶೀಲಿಸಿ ತಿರಸ್ಕರಿಸಿದ್ದಾರೆ.

“ಹೋರಿ ಪರಿಶೀಲಿಸ್ತಂತೇನೇ?” ಎಂದರು ನನ್ನ ಯಜಮಾನರು, ಪೇಪರಿನಿಂದ ಮುಖ ಎತ್ತದೆ.

“ನಿಮಗೆ ತಮಾಷೆ,” ಎಂದು ರೇಗಿದೆ. ಮೇಲ್ಮನವಿ ಹಾಕಿದೆ. ಅದಕ್ಕೆ ಬಂದ ಉತ್ತರ ಇನ್ನೂ ಕೆಟ್ಟದು. ಹಾಡನ್ನು ನನ್ನ ಚಾನೆಲ್ಲಿನಿಂದ ಕಿತ್ತುಹಾಕಿ, ಪರರ ಸ್ವತ್ತು ಬಳಸಿದ್ದಕ್ಕೆ ಎಚ್ಚರಿಕೆ ಕೊಟ್ಟಿದ್ದರು. ಇದು ಮರುಕಳಿಸಿದರೆ ಚಾನೆಲ್ಲೇ ಮುಚ್ಚುತ್ತದಂತೆ. ಕೋಡಿ ಹಾಡೂ ಹೋಗುತ್ತದೆ, ಎಲ್ಲವೂ ಹೋಗುತ್ತದೆ. ಒಂದು ಹೋರಿಯ ಹಾಡು ಕದ್ದ ಕಳ್ಳಿ ಎಂಬ ಬಿರುದು ಮಾತ್ರ ಉಳಿಯುತ್ತದೆ. ಸಿಟ್ಟಿಗೆ ಆ ದಿನ ಮಕ್ಕಳ ಕ್ಲಾಸಿಗೂ ರಜೆ ಕೊಟ್ಟೆ.

ಮಾರನೇ ದಿನ ಬಸ್ಸು ಹತ್ತಿ ಸೊರಬಕ್ಕೆ ಹೋದೆ. ಅಧ್ಯಕ್ಷ ಗೊಬ್ಬರದ ಚೀಲಗಳ ನಡುವೆ ಕೂತು ಬಿಲ್ಲು ಹರಿಯುತ್ತಿದ್ದ. ನನ್ನನ್ನು ಕಂಡವನೇ ಅರಳಿದ. “ಬರ್ರೀ ಅಕ್ಕಾರ! ನಿಮ್ ಹಾಡು ಧೂಳ್ ಎಬ್ಬಿಸೈತಿ!”

“ನನ್ನ ಹಾಡು ಅಂತ ಎಲ್ಲಿದೆ? ಕಲಾವಿದರು ಗುಡುಗು ಅಂತಿದೆಯಲ್ರೀ!”

ಅವನಿಗೆ ನಿಜವಾಗಿಯೂ ಗೊಂದಲವಾಯಿತು. “ಹೌದಲ್ರೀ. ಕಾಲರ್ ಟ್ಯೂನಿಗೆ, ರೀಲ್ಸಿಗೆ ಎಲ್ಲಾ ಕಡೆ ಬರ್ಲಿ ಅಂತ ಒಂದ್ ಆಪ್‌ನಾಗ ಹಾಕಿದ್ವಿ. ಆರ್ಟಿಸ್ಟ್ ಯಾರು ಅಂತ ಕೇಳ್ತು. ಹಾಡು ಯಾರ್ದು? ಗುಡುಗಿಂದು. ಅದ್ನ ಹಾಕಿದ್ವಿ.”

“ಸಾಹಿತ್ಯ, ಸಂಗೀತ?”

“ಅವೂ ಖಾಲಿ ಬಿಟ್ರ ಮುಂದಕ್ಕ ಹೋಗ್ತಿರ್ಲಿಲ್ರೀ, ಕೆಂಪು ಗೆರಿ ಬರ್ತಿತ್ತು. ಅಲ್ಲೂ ಗುಡುಗು ಅಂತಾನೇ ಹೊಡದ್ವಿ.”

“ನನ್ನ ಹೆಸರು ಹಾಕ್ತೀವಿ ಅಂದಿದ್ರಲ್ಲ?”

“ಹಾಕೀವಲ್ರೀ!” ಎಂದು ಫೋನು ತೆಗೆದು ಪೋಸ್ಟರ್ ತೋರಿಸಿದ. ಅದರ ತುಂಬ ಹೋರಿಯ ಚಿತ್ರ, ಬಳಗದವರ ಮುಖಗಳು, ದೇವರು, ಯಜಮಾನರು. ಎಲ್ಲದರ ಕೆಳಗೆ, ಹೋರಿಯ ಗೊರಸಿನ ಹತ್ತಿರ, ಇರುವೆಯಷ್ಟು ಅಕ್ಷರದಲ್ಲಿ: ‘ಧ್ವನಿ: ಶಿಕಾರಿಪುರದ ಅಕ್ಕ’.

“ಇದು ಹೆಸರೇನ್ರೀ?”

“ಪೋಸ್ಟರ್ ಮಾಡಿಸೋ ಹೊತ್ತಿಗೆ ನಿಮ್ ಹೆಸ್ರು ನೆನಪಾಗ್ಲಿಲ್ಲ ಅಕ್ಕಾರ. ಫೋನ್‌ನಾಗೂ ‘ಹಾಡಿನ ಅಕ್ಕ’ ಅಂತಾನೇ ಸೇವ್ ಮಾಡೀನಿ.”

ತಕರಾರನ್ನು ತಿರಸ್ಕರಿಸಿದ್ದೂ ಇವನೇ. ಇಂಗ್ಲಿಷಿನಲ್ಲಿ ಮೇಲ್ ಬಂತು, ಯಾರೋ ನಮ್ಮ ಹಾಡಿಗೆ ಅಡ್ಡಗಾಲು ಹಾಕುತ್ತಿದ್ದಾರೆ ಎಂದಷ್ಟು ಅರ್ಥವಾಯಿತು, ಎದುರು ಹೋರಿಯ ಕಡೆಯವರೇ ಇರಬೇಕೆಂದು ಹಲ್ಲು ಕಚ್ಚಿ ಒತ್ತಿದನಂತೆ. ಎರಡನೇ ಸಲವೂ ಅಷ್ಟೇ. “ನೀವಂತ ಗೊತ್ತಿದ್ರ ಒತ್ತತಿದ್ನಾ ಅಕ್ಕಾರ?” ಎಂದು ಗಲ್ಲ ಬಡಿದುಕೊಂಡ. ಬೈಯಬೇಕೆಂದು ಬಂದಿದ್ದೆ. ಇಂಥವನನ್ನು ಹೇಗೆ ಬೈಯುವುದು? ಬೈಯಲಾಗದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅಲ್ಲೇ ಚೀಲಗಳ ಮೇಲೆ ಕೂತು ಇಬ್ಬರೂ ಆಪ್ ತೆರೆದು ಹೆಸರು ತಿದ್ದಲು ಹೊರಟೆವು. ಒಮ್ಮೆ ಬಿಡುಗಡೆಯಾದ ಹಾಡಿನಲ್ಲಿ ಕಲಾವಿದರ ಹೆಸರು ಬದಲಿಸಬೇಕಾದರೆ ಮೂಲ ಕಲಾವಿದರೇ ಒಪ್ಪಿಗೆ ಕೊಡಬೇಕಂತೆ, ಗುರುತಿನ ಚೀಟಿ ಸಮೇತ. ಅಧ್ಯಕ್ಷ ಸ್ವಲ್ಪ ಹೊತ್ತು ಗಂಭೀರವಾಗಿ ಯೋಚಿಸಿದ.

“ಗುಡುಗಿನ ಕಿವ್ಯಾಗ ಹಳದಿ ಓಲೆ ಐತ್ರಿ, ದನದ ಡಾಕ್ಟ್ರು ಹಾಕಿದ್ದು. ಸರ್ಕಾರದ ನಂಬರ್ ಐತಿ ಅದ್ರಾಗ. ಅದು ನಡೆಯಂಗಿಲ್ಲೇನು?”

ನಗಬೇಕೋ ಅಳಬೇಕೋ ತಿಳಿಯದೆ ನಕ್ಕೆ. ಅವನೂ ನಕ್ಕ. “ಯಜಮಾನ್ರ ಎತ್ತಿನ ನಂಬರನ್ನ ಆಪ್‌ನವರು ಕೇಳ್ತಾರೇನ್ರೀ,” ಎಂದುಬಿಟ್ಟೆ. ತಟ್ಟನೆ ಅವನ ಮುಖ ಬಿಗಿಯಿತು. “ಎತ್ತಲ್ರೀ ಅಕ್ಕಾರ. ಹೋರಿ.” ಕ್ಷಮೆ ಕೇಳಬೇಕಾಯಿತು. ನನ್ನ ಹಾಡು ಹೋಗಿದ್ದು ಹೋಗಲಿ, ಹೋರಿಯ ಮರ್ಯಾದೆಯನ್ನೂ ನಾನೇ ಕಾಪಾಡಬೇಕು.

ಆಪ್‌ನ ಸಹಾಯವಾಣಿಗೆ ಬರೆದೆವು. ಯಂತ್ರ ಉತ್ತರಿಸಿತು: ‘ನಿಮ್ಮ ತಾಳ್ಮೆಗೆ ಧನ್ಯವಾದ’. ಯಾವ ತಾಳ್ಮೆ? ನನ್ನಲ್ಲಿ ಅದು ಯಾವತ್ತಿತ್ತು? ಮತ್ತೆ ಬರೆದರೆ ಮತ್ತೆ ಅದೇ ಧನ್ಯವಾದ. ಇತ್ತ ಹಬ್ಬಗಳು ಒಂದಾದ ಮೇಲೊಂದು ಆಗುತ್ತಿದ್ದವು. ಗುಡುಗು ಒಂದೊಂದು ಅಖಾಡ ಗೆದ್ದಾಗಲೂ ನನ್ನ ದನಿಯ ಮೇಲೆ ಹೊಸ ಹೊಸ ರೀಲ್ಸು. ನನ್ನ ಚಾನೆಲ್ಲಿನಲ್ಲಿ ಮಾತ್ರ ಆ ಹಾಡು ಇದ್ದ ಜಾಗದಲ್ಲಿ ಬೂದು ಬಣ್ಣದ ಚೌಕ. ಅಧ್ಯಕ್ಷನಿಗೆ ಫೋನು ಮಾಡಿದರೆ, “ಈ ಸೀಜನ್ ಮುಗೀಲಿ ಅಕ್ಕಾರ, ಆಮ್ಯಾಲ ಕುಂತು ಸರಿ ಮಾಡಣ,” ಎನ್ನುತ್ತಿದ್ದ. ಸೀಜನ್ ಮುಗಿದ ಮೇಲೆ ಹೋರಿ ಹಾಡು ಯಾರಿಗೆ ಬೇಕು?

ಆಗ ನಮ್ಮ ಮನೆಗೆ ಇನ್ನೊಂದು ಹೋರಿಯ ಬಳಗದವರು ಬಂದರು. ಹೊಸ ಹಾಡು ಬೇಕಿತ್ತು. ಅವರಲ್ಲೊಬ್ಬ ಕೋಣೆಯನ್ನೆಲ್ಲ ಕಣ್ಣಾಡಿಸಿ ನೋಡಿ, ಸಂಕೋಚದಿಂದಲೇ ಹೇಳಿದ. “ಬ್ಯಾಸರ ಮಾಡ್ಕಬ್ಯಾಡ್ರಿ. ಗುಡುಗಿನ ಹಾಡು ಮಾಡಿದೋರ ಹತ್ರ ಮಾಡಿಸ್ಬೇಕಂತ ಭಾಳ ಹುಡುಕಿದ್ವಿ. ಪತ್ತೇನ ಆಗ್ಲಿಲ್ಲ. ಅದಕ್ಕ ನಿಮ್ಮಲ್ಲಿಗೆ ಬಂದ್ವಿ.”

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅದು ನಾನೇ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಹಾಗೇ ಹೇಳುತ್ತಾರೆ ಎಂಬಂತೆ ಒಬ್ಬ ತಲೆಯಾಡಿಸಿದ. ವಿಚಾರ ಮಾಡಿ ಬರುತ್ತೇವೆ ಎಂದು ಹೋದವರು ಮತ್ತೆ ಬರಲಿಲ್ಲ.

ಅವತ್ತೇ ತೀರ್ಮಾನ ಮಾಡಿದೆ. ಚಾನೆಲ್ಲಿನ ತಕರಾರಿನ ದಾರಿ ಬಿಟ್ಟು, ಕಾನೂನಿನ ದಾರಿಯ ಇನ್ನೊಂದು ಅರ್ಜಿ ಇರುತ್ತದೆ. ಹಾಡು ನನ್ನದೆಂದು ಪ್ರಮಾಣ ಮಾಡಿ ಅದನ್ನು ಎಲ್ಲ ಕಡೆಯಿಂದ ತೆಗೆಸಿ ಎಂದು ಕೇಳುವುದು. ಇಷ್ಟು ದಿನ ಅದನ್ನು ಮುಟ್ಟಿರಲಿಲ್ಲ. ಅದು ಒಪ್ಪಿಗೆಯಾದರೆ ಹುಡುಗರ ರೀಲ್ಸುಗಳೆಲ್ಲ ಮೂಕವಾಗುತ್ತವೆಂದು ಗೊತ್ತಿತ್ತು. ಪುರಾವೆಗೆ ಹಲಗೆ, ಕೀಬೋರ್ಡು, ದನಿ ಎಲ್ಲದರ ಬಿಡಿಬಿಡಿ ಫೈಲುಗಳನ್ನೂ ಕೆಟ್ಟುಹೋದ ಟೇಕುಗಳನ್ನೂ ಜೋಡಿಸಿದೆ. ಒಂದರಲ್ಲಿ ನನ್ನ ಹಾಡಿನ ಮಧ್ಯೆ ಈರುಳ್ಳಿ ಆಟೋದ ಕೂಗು ಬಂದು, ನಾನು ಅವನ ವಂಶವನ್ನೆಲ್ಲ ಬೈಯುವುದು ಸ್ಪಷ್ಟ ಕೇಳುತ್ತದೆ. ಅದನ್ನೂ ಸೇರಿಸಿದೆ. ಹೋರಿ ಹೀಗೆ ಬೈದೀತೇ? ನೋಡಿಕೊಳ್ಳಲಿ.

ಕಳಿಸುವ ಮುಂಚೆ ಅಧ್ಯಕ್ಷನಿಗೆ ಹೇಳದಿದ್ದರೆ ಸರಿಯಲ್ಲ ಅನ್ನಿಸಿತು. ಫೋನು ಮಾಡಿದೆ. ಹಾಡನ್ನು ಎಲ್ಲ ಕಡೆಯಿಂದ ತೆಗೆಸುತ್ತಿದ್ದೇನೆ ಎಂದೆ.

“ಮುಂದಿನ್ ವಾರ ನಮ್ಮೂರಾಗ ಹಬ್ಬ ಐತ್ರೀ ಅಕ್ಕಾರ.”

“ಗೊತ್ತಪ್ಪ.”

“ನಮ್ ಹೋರಿ ನಮ್ಮೂರಾಗ ಬಿಡೋದು ಅದೊಂದೇ ದಿನ.”

“ನನ್ನ ಹಾಡಿಗೆ ನನ್ನ ಹೆಸರಿಲ್ಲದೆ ಇಷ್ಟು ದಿನ ಆಯ್ತಲ್ಲ, ನನಗೆ ಹೇಗಾಗಿರಬೇಡ?” ಎಂದೆ. ಫೋನಿಟ್ಟು ಗುಂಡಿ ಒತ್ತಿದೆ.

ಅಷ್ಟು ದಿನ ತಾಳ್ಮೆಗೆ ಧನ್ಯವಾದ ಹೇಳುತ್ತಿದ್ದ ಯಂತ್ರ ಈ ಸಲ ಭಾರಿ ಚುರುಕಾಯಿತು. ಹಾಡು ಎಲ್ಲ ಕಡೆಯಿಂದ ಮಾಯ. ರೀಲ್ಸುಗಳಲ್ಲಿ ಗುಡುಗು ಸದ್ದಿಲ್ಲದೆ ಓಡುತ್ತಿತ್ತು, ಹುಡುಗರು ಸದ್ದಿಲ್ಲದೆ ಕೇಕೆ ಹಾಕುತ್ತಿದ್ದರು. ನನ್ನ ಮೇಲಿನ ಎಚ್ಚರಿಕೆ ಹಿಂತೆಗೆದರು, ನನ್ನ ಚಾನೆಲ್ಲಿನಲ್ಲಿ ಹಾಡು ಮತ್ತೆ ಬಂತು, ಅಡಿಯಲ್ಲಿ ನನ್ನ ಪೂರ್ತಿ ಹೆಸರು. ಗೆದ್ದೆ. ಮನೆಯವರಿಗೆಲ್ಲ ತೋರಿಸಿದೆ. ಆದರೆ ಕೇಳುವವರು ಎಲ್ಲಿ? ಹಾಡು ಹಬ್ಬಿದ್ದ ದಾರಿಗಳನ್ನೆಲ್ಲ ನಾನೇ ಮುಚ್ಚಿಸಿದ್ದೆ. ಮೊದಲ ಕಾಮೆಂಟು ನಾದಿನಿಯದು. ‘ಸೂಪರ್ ಅತ್ತಿಗೆ’.

ಸಂಜೆ ಹೋರಿಯ ಯಜಮಾನರ ಫೋನು ಬಂತು. ಕೂಗಾಡುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡು ತೆಗೆದೆ. ಕೂಗಾಡಲಿಲ್ಲ.

“ನಿಮ್ದು ಅಂದ್ರ ನಿಮ್ದೇ ತಾಯಿ. ನಂದೇನ್ ತಕರಾರಿಲ್ಲ. ಆದ್ರ ಇನ್ನೊಬ್ರ ವಸ್ತು ನಮ್ ಹೋರಿ ಮುಂದ ಹಚ್ಚಂಗಿಲ್ಲ. ಹುಡುಗ್ರಿಗೆ ಹೇಳೀನಿ, ಇದ್ದದ್ನೆಲ್ಲಾ ಅಳಿಸ್ರಿ ಅಂತ.”

“ಹಚ್ಚಬೇಡಿ ಅಂತ ನಾನೆಲ್ಲಿ ಅಂದೆ ಯಜಮಾನ್ರೇ? ಹೆಸರು ಹಾಕಿ ಅಂದೆ, ಅಷ್ಟೇ!”

“ಆತ್ರಿ. ಆರಾಮ್ ಇರ್ರಿ,” ಎಂದು ಇಟ್ಟುಬಿಟ್ಟರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ತಣ್ಣನೆಯ ಮಾತು ಮೈಯೆಲ್ಲ ಉರಿಸಿತು.

ಅವರೂರಿನ ಹಬ್ಬಕ್ಕೆ ನಾನು ಹೋಗಬಾರದಿತ್ತು. ಹೋದೆ. ಯಾಕೆಂದರೆ ಹಠ. ನನ್ನ ಯಜಮಾನರು ಗೊಣಗುತ್ತಲೇ ಬೈಕು ತೆಗೆದರು. “ಒದೆ ತಿನ್ನಿಸ್ತೀಯಾ ನನಗೆ,” ಎಂದು ದಾರಿಯುದ್ದಕ್ಕೂ ಹೇಳಿದರು. ಊರ ಹೊರಗಿನ ರಸ್ತೆಯ ಎರಡೂ ಬದಿಗೆ ಗಳ ಕಟ್ಟಿ ಬೇಲಿ ಮಾಡಿದ್ದರು. ಟ್ರ್ಯಾಕ್ಟರಿನ ಟ್ರೇಲರುಗಳ ಮೇಲೆ, ಮನೆಗಳ ಮಾಳಿಗೆ ಮೇಲೆ ಜನವೋ ಜನ. ಹೆಂಗಸರು ನಿಂತಿದ್ದ ಕಡೆ ಬೇಲಿಗೆ ಒತ್ತಿ ನಾನೂ ನಿಂತೆ. ಒಂದೊಂದು ಹೋರಿ ಬಂದಾಗಲೂ ಅದರ ಹಾಡು ದೊಡ್ಡ ಸ್ಪೀಕರ್ ಡಬ್ಬಗಳಲ್ಲಿ ಎದೆ ನಡುಗುವಂತೆ ಬಡಿಯುತ್ತಿತ್ತು.

ಗುಡುಗಿನ ಸರದಿ ಬಂತು. ನಾನು ಅದನ್ನು ಚಿತ್ರದಲ್ಲಿ ಬಿಟ್ಟರೆ ನೋಡಿಯೇ ಇರಲಿಲ್ಲ. ಅಬ್ಬಾ, ಏನು ಮೈಕಟ್ಟು! ಬೆನ್ನಿಗೆ ಜೂಲ, ಕೋಡಿಗೆ ಬಲೂನು, ಕೊರಳ ತುಂಬ ಕೊಬ್ಬರಿ. ಮೈಕಿನವನು ಹೆಸರು ಕೂಗಿ ಸುಮ್ಮನಾದ. ಡಬ್ಬಗಳು ಸುಮ್ಮನಿದ್ದವು. ಅಷ್ಟು ದೊಡ್ಡ ಜನಜಂಗುಳಿಯಲ್ಲಿ ಒಂದು ಗಳಿಗೆ ಹೋರಿಯ ಉಸಿರು ಕೇಳಿಸಿತು. ಅಧ್ಯಕ್ಷ ಹಗ್ಗ ಹಿಡಿದು ನೆಲ ನೋಡುತ್ತಾ ನಿಂತಿದ್ದ. ನನಗೆ ಅಲ್ಲಿಂದ ಎಲ್ಲಾದರೂ ಓಡಿಹೋಗೋಣ ಅನ್ನಿಸಿತು.

ಆಗ ಬಳಗದ ಹುಡುಗರು ಬಾಯಲ್ಲೇ ಶುರು ಮಾಡಿದರು. ಮೊದಲು ಒಂದಿಬ್ಬರು, ಆಮೇಲೆ ಎಲ್ಲರೂ, ಆಮೇಲೆ ಟ್ರೇಲರಿನ ಮೇಲಿದ್ದವರೂ. ಮೈಕಿಲ್ಲ, ಹಲಗೆ ಇಲ್ಲ, ಬರೀ ಗಂಟಲು. ದೇವರ ಹೆಸರು ಬಂತು, ಊರು ಬಂತು. ಆದರೆ ಎರಡನೇ ಸಾಲನ್ನು ಕೆಡಿಸಿಬಿಟ್ಟರು! ಅಲ್ಲಿ ರಾಗ ಇಳಿಯಬೇಕು. ಇವರು ಏರಿಸಿ ಏರಿಸಿ ಭಜನೆ ಮಾಡಿಬಿಟ್ಟರು. ನನಗೆ ತಡೆಯಲಾಗಲಿಲ್ಲ. ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದು, ಹಲ್ಲು ಕಡಿಯುತ್ತಲೇ ಸರಿಯಾದ ಇಳಿತವನ್ನು ಮೆಲ್ಲಗೆ ಹೇಳಿಕೊಂಡೆ.

ಪಕ್ಕದಲ್ಲಿ ತಲೆಗೆ ಸೆರಗು ಹೊದ್ದು ನಿಂತಿದ್ದ ಹೆಂಗಸು ತಿರುಗಿ ನೋಡಿದಳು.

“ನಿಮ್ಗೂ ಬರ್ತೈತೇನ್ರೀ ಈ ಪದ?”

“ಬರ್ತೈತ್ರೀ. ಇದನ್ನ ಕಟ್ಟಿದವಳೇ ನಾನು.”

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ನನ್ನ ಕೈ ತಾನಾಗಿಯೇ ಫೋನಿದ್ದ ಚೀಲಕ್ಕೆ ಹೋಯಿತು, ಹಾಡು ನನ್ನದೆಂದು ಒಪ್ಪಿ ಬಂದ ಮೇಲ್ ತೋರಿಸಲು. ಅವಳಿಗೆ ಅದೇನೂ ಬೇಕಿರಲಿಲ್ಲ.

“ಹಂಗಾದ್ರ ಬಾಯಾಗ ಯಾಕ್ ಗೊಣಗ್ತೀರಿ? ಜೋರಾಗಿ ಹೇಳ್ರೀ! ಆ ಹುಡುಗ್ರು ತಪ್ಪು ಹೇಳಾಕತ್ತಾರ.”

ಎರಡನೇ ಸಾಲು ಮತ್ತೆ ಬರುತ್ತಿತ್ತು. ನಾನು ಬೇಲಿಯ ಗಳ ಹಿಡಿದು ಗಂಟಲು ಬಿಟ್ಟು ಹಾಡಿದೆ. ಅಧ್ಯಕ್ಷ ತಲೆ ಎತ್ತಿ ನಮ್ಮ ಕಡೆ ನೋಡಿದ.